ಎರಡೂ ಕಡೆ ಕೇಳುತ್ತಿದ್ದ ಸರ್ವಮಂಗಳಾ ಮೇಡಂ

ಬಾಣಾವರದಲ್ಲಿ ಸರ್ವಮಂಗಳಾ ಮೇಡಂ ಬಸ್ ಹತ್ತುವುದನ್ನು ನೋಡಬೇಕಿತ್ತು. ಎಲ್ಲಿಗೆ ಹೋಗುತ್ತದೆಂದು ಮೊದಲು ಡ್ರೈವರನ್ನು ಕೇಳುವರು. ಆಮೇಲೆ ಬಾಗಿಲಿಗೆ ಬಂದು, ಏನೂ ಗೊತ್ತಿಲ್ಲದವರಂತೆ ಕಂಡಕ್ಟರನ್ನೂ ಕೇಳುವರು. “ಇಬ್ರೂ ಒಂದೇ ಊರು ಹೇಳುದ್ರೆ ಹತ್ತೋಣ ಕಣೋ,” ಎಂದು ಜೊತೆಗಿದ್ದ ನನಗೆ ಹೇಳುವರು. ಊರಿನ ಫಲಕ ಕಣ್ಣೆದುರೇ ಇದ್ದರೂ ಅಷ್ಟೇ.

ಕೊಬ್ಬರಿ ವ್ಯಾಪಾರಿಗಳ ಮನೆಯ ಮಗಳು. ಅರಸೀಕೆರೆಯಲ್ಲಿ ನನಗೆ ಎಲೆಕ್ಟ್ರಾನಿಕ್ಸ್ ಕಲಿಸಿದವರು. ತೆಂಗಿನಕಾಯಿ ಸುಲಿಯುವ ಯಂತ್ರಗಳಿಗೆ ನಾನು ಕಂಟ್ರೋಲ್ ಪೆಟ್ಟಿಗೆ ಮಾಡತೊಡಗಿದಾಗ, ಅದರೊಳಗಿನ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಆರಿಸಿಕೊಟ್ಟವರೂ ಅವರೇ. ಕರೆಂಟು ಬಂದೊಡನೆ ಆ ಬೋರ್ಡಿನಲ್ಲಿ ಮೊದಲು ಒಂದು ಸಣ್ಣ ತಂತ್ರಾಂಶ ಎಚ್ಚರಗೊಳ್ಳುತ್ತದೆ. ಅದು ದೊಡ್ಡದನ್ನು ಎಬ್ಬಿಸುತ್ತದೆ. ಬೋರ್ಡಿನ ಯಾವ ಪಿನ್ನಿಗೆ ದೀಪದ ತಂತಿ, ಯಾವುದಕ್ಕೆ ಮೋಟಾರು ಎಂದು ಎರಡಕ್ಕೂ ತಿಳಿಸುವುದು ಒಂದು ಫೈಲು. ಎರಡೂ ತಂತ್ರಾಂಶಗಳನ್ನು ಬರೆಯುವವರು ಎಲ್ಲೆಲ್ಲಿಯೋ ಇರುವ ಬೇರೆ ಬೇರೆ ಗುಂಪಿನವರು. ಫೈಲು ಹುಟ್ಟುವುದು ದೊಡ್ಡದರ ಗುಂಪಿನಲ್ಲಿ. ಸಣ್ಣದರವರು ಅದರ ಪ್ರತಿ ಇಟ್ಟುಕೊಳ್ಳುತ್ತಾರೆ. ಅಲ್ಲಿ ತಿದ್ದಿದ್ದನ್ನು ಇಲ್ಲಿಗೂ ತಂದು ಸೇರಿಸುವ ಚಾಕರಿ ಯಾರಿಗೂ ಬೇಡವಾಗಿತ್ತು. ನಮ್ಮ ಬೋರ್ಡಿನ ಮಟ್ಟಿಗೆ ಮೇಡಂ ಆಗಾಗ ಅದನ್ನು ಮಾಡಿಕೊಡುತ್ತಿದ್ದರು, ಬಿಟ್ಟಿಯಾಗಿ.

ಒಮ್ಮೆ, ನನ್ನಿಂದ ಪೆಟ್ಟಿಗೆ ಕೊಂಡಿದ್ದ ಹಳೇಬೀಡಿನ ತೋಟದ ರುದ್ರಣ್ಣ ಫೋನು ಮಾಡಿದ. ಹೊಸ ಪೆಟ್ಟಿಗೆ ಹಾಕಿದ ಮೇಲೆ, ಕರೆಂಟು ಬಂದಾಗಲೆಲ್ಲ ಯಂತ್ರ ಒಂದು ಗಳಿಗೆ ತಾನೇ ತಿರುಗಿ ನಿಲ್ಲುತ್ತದಂತೆ. “ದೆವ್ವ ಮೆಟ್ಕಂಡೈತೆ ಕಣ್ರೀ,” ಎಂದು ನಕ್ಕ. ನಾನೂ ನಕ್ಕೆ. ಪಕ್ಕದಲ್ಲಿದ್ದ ಮೇಡಂ ನಗಲಿಲ್ಲ. ಕರೆಂಟು ಹೋದಾಗ ಯಂತ್ರದ ಹತ್ತಿರ ಯಾರಿರುತ್ತಾರೆಂದು ಕೇಳಿದರು. ಹೆಂಡತಿ ಗೌರಮ್ಮ, ಹಲ್ಲಿನ ರೋಲರಿಗೆ ಸಿಕ್ಕಿಕೊಂಡ ನಾರು ಕೀಳಲು ಅವಳಿಗೆ ಅದೇ ಹೊತ್ತು ಎಂದ.

ಮೇಡಂ ಎರಡೂ ಫೈಲುಗಳನ್ನು ಅಕ್ಕಪಕ್ಕ ತೆರೆದರು. ಬೋರ್ಡಿನ ಹೊಸ ಮಾದರಿಯಲ್ಲಿ ದೀಪದ ಪಿನ್ನೂ ಮೋಟಾರಿನ ಪಿನ್ನೂ ಅದಲುಬದಲಾಗಿದ್ದವು. ದೊಡ್ಡದರಲ್ಲಿ ಅದನ್ನು ತಿದ್ದಿದ್ದರು, ಸಣ್ಣದರಲ್ಲಿ ಹಳೆಯದೇ ಉಳಿದಿತ್ತು. ದೊಡ್ಡದು ಎಚ್ಚರಗೊಳ್ಳುವವರೆಗೆ ಸಣ್ಣದು ದೀಪ ಹಚ್ಚಲು ಹೋಗಿ ಮೋಟಾರು ತಿರುಗಿಸುತ್ತಿತ್ತು. ಕೂಡಲೇ ಫ್ಯೂಸು ಕೀಳಲು ರುದ್ರಣ್ಣನಿಗೆ ಹೇಳಿದರು. ಸಣ್ಣದರ ಗುಂಪಿಗೆ ತಿದ್ದುಪಡಿ ಕಳಿಸಿದರು. ಮುಂದಿನ ಬಿಡುಗಡೆಯಲ್ಲಿ ನೋಡೋಣ, ಒಂದು ದೀಪದ ವಿಷಯ ತಾನೆ ಎಂದು ಅಲ್ಲಿಂದ ಉತ್ತರ ಬಂದಾಗ, ಪೆಟ್ಟಿಗೆಯನ್ನು ನಾವೇ ಸರಿಮಾಡಲು ಹೊರಟು ಆಗಲೇ ಬಸ್ಸಿನಲ್ಲಿದ್ದೆವು.

ಹಳೇಬೀಡಿನಲ್ಲಿ ಇಳಿದಾಗ ಕರೆಂಟಿರಲಿಲ್ಲ. ತೋಟದ ಹಾದಿಯಲ್ಲಿ ಅರ್ಧ ನಡೆದಿದ್ದೆವು, ಹಿಂದಿನಿಂದ ಹಿಟ್ಟಿನ ಗಿರಣಿ ಗುರ್ರೆಂದಿತು. ಕರೆಂಟು ಬಂದಿತ್ತು. ಮೇಡಂ ನಿಂತುಬಿಟ್ಟರು. ಆಮೇಲೆ ಚಪ್ಪಲಿ ಬಿಟ್ಟು ಓಡಿದರು.

ಅದೇ ಫ್ಯೂಸಿಗೆ ಕುಡಿಯುವ ನೀರಿನ ಮೋಟಾರೂ ಇದ್ದುದರಿಂದ ರುದ್ರಣ್ಣ ಕಿತ್ತಿರಲಿಲ್ಲ. ಗೌರಮ್ಮನ ಮೂರು ಬೆರಳು ಹೋದವು. ಆಸ್ಪತ್ರೆಯವರೆಗೂ ಮೇಡಂ ಆ ಕೈಯನ್ನು ತಮ್ಮ ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು. ಗೌರಮ್ಮ ಅಳಲಿಲ್ಲ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. “ಆಫ್ ಆಗಿತ್ತು ಕಣ್ರವ್ವ. ನಾನು ನೋಡೇ ಕೈ ಇಟ್ಟಿದ್ದು.”

ನಡೆದದ್ದನ್ನು ಮೇಡಂ ಆ ಗುಂಪಿಗೆ ಬರೆದರು. ತಿದ್ದುಪಡಿ ಅಂದೇ ಸೇರಿತು, ಕ್ಷಮಾಪಣೆಯೂ ಬಂತು. ಮೇಡಂಗೆ ಸಮಾಧಾನವಾಗಲಿಲ್ಲ. ನನ್ನ ಪೆಟ್ಟಿಗೆಗಳಿಗೆಲ್ಲ ಮೋಟಾರಿನ ಕರೆಂಟನ್ನೇ ಕಡಿಯುವ ಬೇರೆ ಕೈಸ್ವಿಚ್ ಹಾಕಿಸಿದರು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಕಾಫಿಗೂ ಮೊದಲು ಎರಡೂ ಫೈಲುಗಳನ್ನು ಹೋಲಿಸಿ ನೋಡುತ್ತಿದ್ದರು. ಕಾಯಿಲೆ ಬಿದ್ದ ಮೇಲೂ ಅದು ತಪ್ಪಲಿಲ್ಲ.

ಕೊನೆಯ ಸಲ ಕಂಡಾಗ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಈ ಬೋರ್ಡು ಹಾಕಿ ಬೇರೆ ಯಾರಾದರೂ ಪೆಟ್ಟಿಗೆ ಮಾಡುತ್ತಿದ್ದಾರೆಯೇ ಎಂದು ಕೇಳಿದರು. ಬೇಲೂರಿನ ಕಡೆ ಕೆಲವರಿದ್ದಾರಂತೆ, ಯಾವ ತೋಟಗಳಿಗೆ ಕೊಟ್ಟಿದ್ದಾರೋ ಗೊತ್ತಿಲ್ಲ ಎಂದೆ.

“ಹುಡುಕು ಕಣೋ,” ಎಂದರು. “ನಮಗೆ ಗೊತ್ತಿಲ್ದಿರೋ ತೋಟದಲ್ಲೂ ಯಾರೋ ನಾರು ಕೀಳ್ತಿರ್ತಾರೆ.”

ಅದೇ ವಾರ ತೀರಿಕೊಂಡರು. ಈಗ ಅವರ ಕೆಲಸ ನನ್ನದು. ಮೊನ್ನೆ ದೊಡ್ಡದರ ಫೈಲಿನಲ್ಲಿ ಮೋಟಾರಿನ ಪಿನ್ನು ಮತ್ತೆ ಬದಲಾಗಿದೆ. ಸಣ್ಣದರವರಿಗೆ ತಿದ್ದುಪಡಿ ಕಳಿಸಿ, ಬೇಲೂರಿಗೆ ಬಂದು ತೋಟದಿಂದ ತೋಟಕ್ಕೆ ವಿಚಾರಿಸುತ್ತಿದ್ದೇನೆ. ಆ ಗುಂಪಿನಿಂದ ಇನ್ನೂ ಉತ್ತರ ಬಂದಿಲ್ಲ.