ಹಿಂಬಾಗಿಲಿಗೆ ಬಂದ ದೊಡ್ಡವರು

ವಾಲ್ಪಾರೈ ಬೆಟ್ಟದ ಮೇಲಿನ ಚಹಾ ತೋಟದ ಅತಿಥಿ ಬಂಗಲೆಯನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ ಪೇಚಿಯಮ್ಮಾಳ್ ಯಾರನ್ನೂ ನಂಬಿದವಳಲ್ಲ. ಮಂಜನ್ನು ನಂಬುತ್ತಿರಲಿಲ್ಲ, ಅದರ ಹಿಂದೆ ಏನಾದರೂ ನಿಂತಿರಬಹುದು. ಗಂಡ ಬದುಕಿದ್ದಾಗ ಅವನ ಗೊರಕೆಯನ್ನೂ ನಂಬುತ್ತಿರಲಿಲ್ಲ. ಎಚ್ಚರವಿದ್ದೇ ಗೊರಕೆ ಹೊಡೆಯುತ್ತಾನೆ ಎಂಬುದು ಅವಳ ಸಿದ್ಧಾಂತ. ಪ್ರವಾಸಿಗರನ್ನಂತೂ ನಂಬುವ ಮಾತೇ ಇಲ್ಲ. ದುಡ್ಡು ಕೊಟ್ಟು ಚಳಿಯಲ್ಲಿ ನಡುಗಲು ಬರುವವರಿಗೆ ಒಳಗೊಳಗೆ ಬೇರೇನೋ ಉದ್ದೇಶ ಇರಲೇಬೇಕು.

ಬಂಗಲೆಯ ಹಿತ್ತಲಿಗೇ ಕಾಡು ಬಂದು ನಿಂತಿತ್ತು. ಆ ಊರಲ್ಲಿ ಆನೆಯನ್ನು ಯಾರೂ ಆನೆ ಅನ್ನುವುದಿಲ್ಲ, ಹಾಗಂದರೆ ಅದನ್ನು ಕರೆದಂತೆ. ದೊಡ್ಡವರು ಅನ್ನಬೇಕು. ದೊಡ್ಡವರು ಎರಡು ಸಲ ಬಂದು ಅಡುಗೆಮನೆ ಗೋಡೆ ಕೆಡವಿ, ಅಕ್ಕಿ ಉಪ್ಪು ಮುಗಿಸಿ ಹೋಗಿದ್ದರು. ಮೂರನೇ ಸಲ ಬಂದರೆ ಬಂಗಲೆಗೇ ಬೀಗ ಎಂದು ತೋಟದ ಮ್ಯಾನೇಜರ್ ಹೇಳಿಬಿಟ್ಟಿದ್ದರು. ಬೀಗ ಬಿದ್ದರೆ ಪೇಚಿಯಮ್ಮಾಳ್ ಮತ್ತೆ ಬುಟ್ಟಿ ಕಟ್ಟಿಕೊಂಡು ಎಲೆ ಕೀಳಲು ಗುಡ್ಡ ಹತ್ತಬೇಕು. ಅವಳ ಮೊಣಕಾಲಿಗೆ ಅದು ಸುತರಾಂ ಒಪ್ಪಿಗೆ ಇರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಬೆಳಗ್ಗೆ, ಕೋಣೆ ಕಾಯ್ದಿರಿಸಿದ್ದ ಈರೋಡಿನ ಧನಶೇಖರನ್ ಫೋನ್ ಮಾಡಿದ.

"ಅಮ್ಮಾ, ನಾಲ್ಕು ಗಂಟೆಗೆ ದೊಡ್ಡವರನ್ನ ಕರ್ಕೊಂಡು ಬರ್ತೀನಿ. ಮುಂದಿನ ಮೆಟ್ಟಿಲು ಅವರಿಗಾಗಲ್ಲ. ಹಿಂದಿನ ಬಾಗಿಲು ಅಗಲ ಇದೆಯಾ?"

ಪೇಚಿಯಮ್ಮಾಳ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಯಾರನ್ನ ಸಾರ್?"

"ದೊಡ್ಡವರನ್ನಮ್ಮ. ಬಾಗಿಲು ಪೂರ್ತಿ ತೆಗೆದಿಡಿ. ಬಾಳೆಹಣ್ಣು ಇಟ್ಟಿರಿ. ಸದ್ದು ಮಾತ್ರ ಮಾಡಬೇಡಿ, ರೇಗಿಬಿಡ್ತಾರೆ."

ಅಷ್ಟರಲ್ಲಿ ಫೋನು ಕಡಿದುಹೋಯಿತು. ಮನೆಯ ಹಿರಿಯರನ್ನೂ ಜನ ಹಾಗೆ ಕರೆಯುತ್ತಾರೆ ಎಂಬುದು ಪೇಚಿಯಮ್ಮಾಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಹಿತ್ತಲಲ್ಲಿ ಲದ್ದಿ ಬೀಳುವ ಮನೆಯಲ್ಲಿ ಆ ಮಾತಿಗೆ ಎರಡು ಅರ್ಥ ಇರುವುದಿಲ್ಲ. ಹೋದ ವರ್ಷ ಕೆಳಗಿನ ಲಾಡ್ಜಿನಲ್ಲಿ ಪೇಟೆಯ ಹುಡುಗರು ದೊಡ್ಡವರ ವಿಡಿಯೊ ತೆಗೆಯುವ ಆಸೆಗೆ ಹಿತ್ತಲಲ್ಲಿ ಹಣ್ಣು ಚೆಲ್ಲಿದ್ದರು. ಇವನೂ ಅದೇ ಗುಂಪಿನವನು, ಅನುಮಾನವೇ ಇಲ್ಲ.

ಎಲೆ ಕೀಳುವ ಗೆಳತಿ ರೋಸಲಿಗೆ ಅನುಮಾನವಿತ್ತು. "ಅಲ್ಲಕ್ಕಾ, ನಾಲ್ಕು ಗಂಟೆಗೇ ಬರೋಕೆ ಅವರಿಗೆ ಗಡಿಯಾರ ಯಾರು ಕಟ್ಟಿದ್ರು?"

"ಹಣ್ಣು ಎಸೀತಾ ಎಸೀತಾ ಕರ್ಕೊಂಡು ಬರ್ತಾನೆ ಕಣೇ. ಅವನು ಎಸೆದಾಗಲೇ ಇವರು ಬರೋದು."

ಈ ತರ್ಕದ ಮುಂದೆ ರೋಸಲಿ ಸೋತಳು. ಮಧ್ಯಾಹ್ನದೊಳಗೆ ಕೋಟೆ ಸಿದ್ಧವಾಯಿತು. ಹಿಂಬಾಗಿಲಿಗೆ ಅಗುಳಿ, ಅಗುಳಿಗೆ ಮಂಚ, ಮಂಚದ ಮೇಲೆ ರುಬ್ಬುವ ಕಲ್ಲು. ಕಿಟಕಿಯಲ್ಲಿ ಕೆಂಡದ ಬಾಣಲೆ, ಪಕ್ಕದಲ್ಲಿ ಒಂದು ಸೇರು ಒಣಮೆಣಸಿನಕಾಯಿ. ತಗಡಿನ ಡಬ್ಬ ಹಿಡಿದ ನಾಲ್ವರು ವೀರವನಿತೆಯರು. ಸೇನಾಪತಿ ಪೇಚಿಯಮ್ಮಾಳ್ ಕೈಯಲ್ಲಿ ಸೌಟು.

ಸರಿಯಾಗಿ ನಾಲ್ಕಕ್ಕೆ ಹಿತ್ತಲಿನ ಹಾದಿಯಲ್ಲಿ ಏನೋ ಕಿರುಗುಟ್ಟಿತು. ಏದುಸಿರು ಕೇಳಿಸಿತು. ಸೌಟು ಮೇಲೆದ್ದಿತು. ಡಬ್ಬಗಳು ಗುಡುಗಿದವು, ಮೆಣಸಿನಕಾಯಿ ಕೆಂಡಕ್ಕೆ ಬಿತ್ತು, ಘಾಟು ಗಾಳಿಯನ್ನೇರಿ ಶತ್ರುವಿನ ಮೇಲೆ ನುಗ್ಗಿತು. ಶತ್ರು ಸೀನಿದ. ಒಂದಲ್ಲ, ಏಳು ಸಲ. ಏಳನೇ ಸೀನಿನ ಕೊನೆಗೆ "ಮುರುಗಾ" ಅಂದ.

ಮುರುಗನನ್ನು ಕರೆಯುವ ದೊಡ್ಡವರನ್ನು ಪೇಚಿಯಮ್ಮಾಳ್ ಈ ಕಾಡಲ್ಲಿ ಕಂಡಿರಲಿಲ್ಲ. ಕಲ್ಲು ಇಳಿಸಿ, ಮಂಚ ಸರಿಸಿ, ಬಾಗಿಲು ತೆಗೆದರೆ ಗಾಲಿಕುರ್ಚಿಯಲ್ಲಿ ಮಂಕಿಕ್ಯಾಪ್ ಹಾಕಿ ಶಾಲು ಹೊದ್ದ ಮುದುಕರೊಬ್ಬರು ಕಣ್ಣೀರು ಸುರಿಸುತ್ತಿದ್ದಾರೆ. ಕುರ್ಚಿ ಹಿಡಿದು ನಿಂತ ಧನಶೇಖರನ್ ಮೆಣಸಿನಕಾಯಿಗಿಂತ ಕೆಂಪಗಿದ್ದಾನೆ.

ತಾನು ಕೇಳಿದ್ದು ಬಾಳೆಹಣ್ಣು, ಮೆಣಸಿನಕಾಯಲ್ಲ, ಈಗಲೇ ಮ್ಯಾನೇಜರ್ ಹತ್ತಿರ ಹೋಗುತ್ತೇನೆ ಎಂದು ಅವನು ಹಾರಾಡಿದ. "ನಮ್ಮಪ್ಪನ್ನ ಏನಂದ್ಕೊಂಡ್ರಿ ನೀವು?"

ಅದಕ್ಕೆ ಉತ್ತರ ಕೊಡಬಾರದಿತ್ತು. ರೋಸಲಿ ಕೊಟ್ಟಳು. ಆ ಮುದುಕರು, ಧನಶೇಖರನ್‌ನ ಅಪ್ಪ ಪೊನ್ನುಸಾಮಿ, ಕೆಮ್ಮು ಬರುವಷ್ಟು ನಕ್ಕರು. ಮಗ ನಗಲಿಲ್ಲ, ಮ್ಯಾನೇಜರ್ ನಂಬರು ಹುಡುಕತೊಡಗಿದ.

ಕೆಲಸ ಹೋಯಿತು ಎಂದುಕೊಂಡೇ ಪೇಚಿಯಮ್ಮಾಳ್ ಮುದುಕರಿಗೆ ಚಹಾ ಕೊಡಲು ಬಗ್ಗಿದಳು. ಬಗ್ಗಿದವಳ ಮೂಗು ಅರಳಿತು. ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು.

"ಅಯ್ಯಾ, ಶಾಲು ಸ್ವಲ್ಪ ತೆಗೀರಿ."

"ಚಳಿ ತಾಯಿ," ಎಂದು ಮುದುಕರು ಶಾಲನ್ನು ಬಿಗಿಯಾಗಿ ಹಿಡಿದರು.

"ಚಳಿಗೆ ಮುಳ್ಳಿರಲ್ಲ ಅಯ್ಯಾ."

ಶಾಲಿನೊಳಗಿಂದ ಹೊರಬಂದದ್ದು ಮಾಗಿದ ಸಣ್ಣದೊಂದು ಹಲಸು. ಕಾಡಿನ ದೊಡ್ಡವರು ಎರಡು ಗುಡ್ಡ ದಾಟಿ ಬರಲು ಆ ವಾಸನೆ ಸಾಕು. ಮಗ ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಮುದುಕರು ಗುಟ್ಟಾಗಿ ಕೊಂಡದ್ದಂತೆ. ನೆಗಡಿಯಲ್ಲಿ ಮೂಗು ಕಟ್ಟಿದ್ದ ಅವನಿಗೆ ಗೊತ್ತೇ ಆಗಿರಲಿಲ್ಲ. ತನಗೆ ಎಂಬತ್ತೆರಡಾಯಿತು, ಕಾಡಿನ ದೊಡ್ಡವರನ್ನು ಒಂದು ಸಲವೂ ಹತ್ತಿರದಿಂದ ನೋಡಿಲ್ಲ, ಕಿಟಕಿಯಲ್ಲಿಟ್ಟರೆ ಬರುತ್ತಾರೆ ಎಂದು ಹಣ್ಣಿನವನು ಹೇಳಿದ್ದ ಎಂದು ಮುದುಕರು ಗೊಣಗಿದರು.

"ಅಪ್ಪಾ, ಡಾಕ್ಟರು ಹಲಸು ಬೇಡ ಅಂದಿದ್ರಲ್ಲ."

"ನನಗೆ ಬೇಡ ಅಂದ್ರು. ಅವರಿಗೆ ಅಂದ್ರಾ?"

ಧನಶೇಖರನ್ ಎರಡು ಸಲ ಬಿದ್ದು ಮತ್ತೆ ಕಟ್ಟಿದ್ದ ಅಡುಗೆಮನೆ ಗೋಡೆ ನೋಡಿದ, ಕಿಟಕಿ ನೋಡಿದ, ಫೋನನ್ನು ಜೇಬಿಗೆ ಹಾಕಿದ. ಮ್ಯಾನೇಜರ್ ಮಾತು ಮತ್ತೆ ಎತ್ತಲಿಲ್ಲ. ಎರಡು ದಿನ ಅಪ್ಪನ ಕೋಣೆಯ ಕಿಟಕಿಯನ್ನು ನೀವೇ ನೋಡಿಕೊಳ್ಳಿ ಅಮ್ಮಾ ಎಂದು ಕೈಮುಗಿದು ಕೇಳಿದ.

ಪೇಚಿಯಮ್ಮಾಳ್ ಹಲಸನ್ನು ತೋಟದ ಜೀಪಿನಲ್ಲಿ ಪೇಟೆಗೆ ಸಾಗಿಸಿದಳು, ಕಿಟಕಿಗೆ ಚಿಲಕ ಹಾಕಿದಳು. ಆಮೇಲೆ ಇನ್ನೂ ಕೈಮುಗಿದೇ ನಿಂತಿದ್ದ ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮ ಚೀಲಾನೂ ಒಂದು ಸಲ ಬಿಚ್ಚಿಬಿಡಿ ಸಾರ್."