ದೋಣಿಯ ಪೆಟ್ರೋಲ್ ಟ್ಯಾಂಕಿಗಾಗಿ ಮೂರು ಪೇಟೆ ಸುತ್ತಿದ್ದು

ನಮ್ಮ ದೋಣಿ ಪಾಸಾಯಿತು! ಇದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನೆ ಶನಿವಾರ ಸಂಜೆ ನಾಲ್ಕೂವರೆಗೆ ದೋಣಿ ನೋಡಲು ಬರುವ ಇಂಜಿನಿಯರು ಕಾಗದಕ್ಕೆ ಸಹಿ ಹಾಕಿದರು. ಎರಡು ಮಳೆಗಾಲ ಮುಚ್ಚಿದ್ದ, ಹೊಳೆ ದಾಟುವ ನಮ್ಮ ಕಡವು ಮತ್ತೆ ತೆರೆಯಿತು. ಇನ್ನು ಮೇಲೆ ನೇತ್ರಾವತಿಯಲ್ಲಿ ಈ ದಡದಿಂದ ಆ ದಡಕ್ಕೆ ಜನ ದಾಟಿಸುವವಳು ನನ್ನ ಮೊಮ್ಮಗಳು ದೀಕ್ಷಾ. ಹುಟ್ಟು ಹಾಕಿ ಅಲ್ಲ, ಇಂಜಿನ್ನಿನಲ್ಲಿ!

ನಾನು ನಾಲ್ಕನೇ ಕ್ಲಾಸಿನವರೆಗೆ ಹೋದವಳು, ಬಾಕಿ ಎಲ್ಲ ಬೀಡಿ ಕಟ್ಟುತ್ತ ಕಲಿತದ್ದು. ನಮ್ಮ ಮನೆಯವರು ಅದೇ ಕಡವಿನಲ್ಲಿ ನಲವತ್ತು ವರ್ಷ ಹುಟ್ಟು ಹಾಕಿದರು. ಅವರ ಭುಜ ಹೋದ ಮೇಲೆ ದೋಣಿ ದಡದಲ್ಲಿ ಕವುಚಿ ಬಿದ್ದುಕೊಂಡಿತು, ಆಚೆ ದಡದ ಮಕ್ಕಳು ಹದಿನಾಲ್ಕು ಕಿಲೋಮೀಟರ್ ಸುತ್ತಿ ಶಾಲೆಗೆ ಹೋಗಬೇಕಾಯಿತು. ದೀಕ್ಷಾ ಹಳೆಯ ಇಂಜಿನ್ನು ತಂದು, ಬಿಚ್ಚಿ ಜೋಡಿಸಿ, ದೋಣಿಗೆ ಕೂರಿಸಿದಳು. ಹೋದ ವಾರ ಇಂಜಿನಿಯರು ಬಂದವರು ಹಗ್ಗದಲ್ಲಿ ಕಟ್ಟಿದ್ದ ಪೆಟ್ರೋಲ್ ಕ್ಯಾನು ನೋಡಿ ತಲೆ ಅಲ್ಲಾಡಿಸಿದರು. "ಇದು ಆಗುವುದಿಲ್ಲ. ಸರಿಯಾದ ಟ್ಯಾಂಕು ಕೂರಿಸಿ. ಶನಿವಾರ ನಾಲ್ಕು ಗಂಟೆಗೆ ಬರ್ತೇನೆ. ಆಗಲೂ ಇಲ್ಲದಿದ್ದರೆ ಮಳೆಗಾಲ ಕಳೆದ ಮೇಲೆ ನೋಡುವ" ಎಂದರು. ಮೋಡ ಆಗಲೇ ಕಟ್ಟಲು ಶುರುವಾಗಿತ್ತು.

ಬಿ.ಸಿ.ರೋಡಿನ ಅಂಗಡಿಗೆ ಟ್ಯಾಂಕು ಬಂದದ್ದೇ ಶುಕ್ರವಾರ ರಾತ್ರಿ. ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವಾಗ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ಬಂದದ್ದು ಒಂದೇ ಒಂದು, ಬಿಳಿ ಪ್ಲಾಸ್ಟಿಕ್ಕಿನದ್ದು. ನನಗೆ ನೋಡಿದ ಕೂಡಲೇ ಮನಸ್ಸು ಮುರಿಯಿತು. ಬೀಡಿ ಒಣಗಿಸುವ ಕೆಂಡದ ಹತ್ತಿರ ಒಮ್ಮೆ ಪ್ಲಾಸ್ಟಿಕ್ ಕ್ಯಾನು ಇಟ್ಟು, ಅದು ಹಲಸಿನ ಹಣ್ಣಿನ ತೊಳೆಯ ಹಾಗೆ ಮೆತ್ತಗಾಗಿ ಕೂತದ್ದನ್ನು ನಾನು ಕಣ್ಣಾರೆ ಕಂಡವಳು.

"ಇದನ್ನು ನಂಬಿ ಮಕ್ಕಳನ್ನು ದೋಣಿಗೆ ಹತ್ತಿಸುವುದಾ? ಉಪ್ಪಿನಕಾಯಿ ಹಾಕಲಿಕ್ಕೆ ಆದೀತು" ಎಂದೆ.

"ಅಜ್ಜಿ, ಪೆಟ್ರೋಲಿಗೆ ಅಂತಲೇ ಮಾಡಿದ ಟ್ಯಾಂಕು ಇದು. ನೀವು ಕೆಂಡದ ಮೇಲೆ ಇಡದಿದ್ದರೆ ಸಾಕು."

"ಅಲ್ಯೂಮಿನಿಯಂದು ಸಿಗ್ತದೆ ಬೆಳ್ತಂಗಡಿಯಲ್ಲಿ. ನನ್ನ ತಂಗಿ ಹೇಳಿದ್ದಾಳೆ."

"ನಿಮ್ಮ ತಂಗಿ ದೋಣಿ ಓಡಿಸ್ತಾರಾ?"

"ಪಾತ್ರೆಯ ವಿಷಯ ನಮಗೆ ಗೊತ್ತಿಲ್ಲದೆ ನಿನಗೆ ಗೊತ್ತಾ?"

ಅವಳು ನಕ್ಕಳು. "ಆಯ್ತು ಮಾರಾಯ್ತಿ, ಹೋಗಿ ನೋಡುವ. ನಡೀರಿ." ನಾನು ಜಗಲಿ ಇಳಿಯುವಾಗ ಅವಳು ಅಂಗಡಿಯವರ ಹತ್ತಿರ ಏನೋ ಹೇಳಿ ಬಂದಳು. ಅದೇನೆಂದು ನಾನು ಕೇಳಲಿಲ್ಲ.

ಬೆಳ್ತಂಗಡಿಗೆ ಸರ್ಕಾರಿ ಬಸ್ಸು. ಆಧಾರ್ ತೋರಿಸಿದರೆ ನಮಗಿಬ್ಬರಿಗೂ ಟಿಕೆಟ್ ಫ್ರೀ. ನನಗೆ ಕಿಟಕಿಯ ಸೀಟೂ ಸಿಕ್ಕಿತು, ರಾಣಿಯ ಹಾಗೆ ಕೂತೆ. ಪುಂಜಾಲಕಟ್ಟೆಯಲ್ಲಿ ಬಸ್ಸು ನಿಂತಾಗ ದೀಕ್ಷಾ ಹಾರಿ ಇಳಿದು ಬಿಸಿ ಗೋಳಿಬಜೆ ತಂದಳು. ತಿಂದ ಎಣ್ಣೆ ಕೈಯನ್ನು ಎಲ್ಲಿ ಒರೆಸುವುದು ಎಂದು ನೋಡುತ್ತಿದ್ದಾಗ ಅವಳೇ ತನ್ನ ಚೂಡಿಯ ಶಾಲು ಮುಂದೆ ಹಿಡಿದಳು.

ಬೆಳ್ತಂಗಡಿ ತಲುಪುವಾಗ ಒಂಬತ್ತೂಮುಕ್ಕಾಲು. ಆಗಲೇ ಸೆಕೆ ಹೇಳಿ ಪ್ರಯೋಜನವಿಲ್ಲ. ನನ್ನ ತಂಗಿ ಹೇಳಿದ ಅಂಗಡಿಯಲ್ಲಿ ಹಾಲಿನ ಕ್ಯಾನು, ಇಡ್ಲಿ ಪಾತ್ರೆ, ಮದುವೆಯ ದೊಡ್ಡ ಬೋಗುಣಿ ಎಲ್ಲ ಇತ್ತು, ದೋಣಿಯ ಟ್ಯಾಂಕು ಮಾತ್ರ ಇರಲಿಲ್ಲ. "ಅದಕ್ಕೆ ಮೂಡುಬಿದಿರೆಗೆ ಹೋಗಿ. ಅಲ್ಲಿ ವೆಲ್ಡಿಂಗಿನ ಜಿನರಾಜಣ್ಣ ಇದ್ದಾರೆ" ಎಂದರು. ದೀಕ್ಷಾ ಮೊಬೈಲಿನಲ್ಲಿ ಗಂಟೆ ನೋಡಿದಳು, ನನ್ನ ಮುಖ ನೋಡಿದಳು, ಬಸ್‌ಸ್ಟ್ಯಾಂಡಿಗೆ ನಡೆದಳು. ಹೊತ್ತು ಹೋಗುತ್ತಿರುವುದು ನನಗೂ ಗೊತ್ತಿತ್ತು. ಆದರೂ ಬಿಡಲಿಲ್ಲ.

ವೇಣೂರಿನ ಮೇಲೆ ಹೋಗುವ ಪ್ರೈವೇಟ್ ಬಸ್ಸು. ಇದರಲ್ಲಿ ಫ್ರೀ ಇಲ್ಲ. ಕಂಡಕ್ಟರ್ ಹುಡುಗ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗುತ್ತಿದ್ದ. "ಇನ್ನು ಒಳಗೆ ಹೋದರೆ ಹಿಂದಿನ ಗಾಜಿನಿಂದ ಹೊರಗೆ ಬೀಳ್ತೇನೆ ಮಾರಾಯ" ಎಂದೆ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ಒಬ್ಬಳು ಕಾಲೇಜು ಹುಡುಗಿ ಎದ್ದು ಸೀಟು ಕೊಟ್ಟಳು.

ಜಿನರಾಜಣ್ಣನ ಶೆಡ್ಡು ಮೂಡುಬಿದಿರೆ ಪೇಟೆಯಿಂದ ಹತ್ತು ನಿಮಿಷದ ನಡಿಗೆ. ನನ್ನಷ್ಟೇ ಪ್ರಾಯದ ಮನುಷ್ಯ, ಕನ್ನಡಕವನ್ನು ಹಣೆಗೆ ಏರಿಸಿ ಕೂತಿದ್ದರು. ಗೋಡೆಯ ಬದಿಯಲ್ಲಿ, ದೇವರೇ, ಅಲ್ಯೂಮಿನಿಯಂ ಟ್ಯಾಂಕು! ಯಾರೋ ಹೇಳಿ ಮಾಡಿಸಿ ಕೊಂಡುಹೋಗದೆ ಬಿಟ್ಟದ್ದಂತೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಾನು ಬೆರಳಲ್ಲಿ ತಟ್ಟಿದೆ. ಠಣ್ ಎಂದಿತು. "ಕೇಳಿದಿಯಾ?" ಎಂದು ದೀಕ್ಷಾಳನ್ನು ನೋಡಿದೆ. ಅವಳು ಅಳತೆ ತೆಗೆದು, "ನಮ್ಮ ದೋಣಿಗೆ ಕೂರ್ತದೆ ಅಜ್ಜಿ" ಎಂದು ಒಪ್ಪಿಕೊಂಡಳು. ನಾನು ಗೆದ್ದೆ ಎಂದುಕೊಂಡೆ.

ಆಗ ಜಿನರಾಜಣ್ಣ, "ಅಮ್ಮಾ, ನಿಮ್ಮ ದೋಣಿಯಲ್ಲಿ ಏನೆಲ್ಲ ಸಾಗಿಸ್ತೀರಿ?" ಎಂದು ಕೇಳಿದರು.

"ಜನ, ಶಾಲೆ ಮಕ್ಕಳು, ಅಕ್ಕಿ, ದನದ ಹಿಂಡಿ. ಮಳೆಗಾಲದಲ್ಲಿ ಆಚೆ ದಡದ ತೋಟದವರ ಮೈಲುತುತ್ತು..."

ನನ್ನ ಬಾಯಿ ಅಲ್ಲೇ ನಿಂತಿತು.

ಅಡಿಕೆಗೆ ಮದ್ದು ಬಿಡುವ ಆ ನೀಲಿ ಮೈಲುತುತ್ತನ್ನು ಅಲ್ಯೂಮಿನಿಯಂಗೆ ತಾಗಿಸಬಾರದು ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಮದುವೆಯಾದ ಹೊಸತರಲ್ಲಿ ತೋಟದ ಕೆಲಸಕ್ಕೆ ಹೋದಾಗ ನಾನೇ ಅದನ್ನು ಧಣಿಗಳ ಅಲ್ಯೂಮಿನಿಯಂ ಬೋಗುಣಿಯಲ್ಲಿ ಕರಗಿಸಿ, ಬೋಗುಣಿ ಜರಡಿಯಾಗಿ, ಆ ಮನೆಯ ಅಮ್ಮನಿಂದ ಹೊಟ್ಟೆ ತುಂಬ ಬೈಸಿಕೊಂಡವಳು. ದೋಣಿಯಲ್ಲಿ ಗೋಣಿ ಒದ್ದೆಯಾಗಿ ಆ ನೀರು ಅಡಿಗೆ ಇಳಿಯುತ್ತದೆ. ಮಳೆಗಾಲ ಪೂರ್ತಿ ನಮ್ಮ ಮನೆಯವರ ಅಂಗಾಲು ನೀಲಿಯಾಗಿರುತ್ತಿತ್ತು. ಅಂಥ ನೀರಿನಲ್ಲಿ ಪೆಟ್ರೋಲ್ ಟ್ಯಾಂಕು! ಇಂಜಿನ್ನಿನ ಕಿಡಿ ಪಕ್ಕದಲ್ಲೇ!

"ಒಂದೇ ಮಳೆಗಾಲದಲ್ಲಿ ತೂತು" ಎಂದರು ಜಿನರಾಜಣ್ಣ. "ಸುಮ್ಮನೆ ನೀರು ನಿಂತರೂ ಇದರ ಅಡಿ ತಿಂದುಹೋಗ್ತದೆ, ಮೈಲುತುತ್ತಾದರೆ ಕೇಳುವುದೇ ಬೇಡ. ನಾನು ಮಾಡಿದ್ದನ್ನು ನಾನೇ ಬೇಡ ಹೇಳ್ತೇನೆ. ಪ್ಲಾಸ್ಟಿಕ್ಕೇ ತಗೊಳ್ಳಿ. ಬಿಸಿಲಿಗೆ ಒಡ್ಡಬೇಡಿ, ಬಾಯಿವರೆಗೆ ತುಂಬಿಸಬೇಡಿ, ಅಲುಗದ ಹಾಗೆ ಬೆಲ್ಟು ಕಟ್ಟಿ. ಒಳಗೆ ಪೆಟ್ರೋಲ್ ಎಷ್ಟುಂಟು ಅಂತ ಹೊರಗಿನಿಂದಲೇ ಕಾಣ್ತದೆ."

ದೀಕ್ಷಾ ನನ್ನನ್ನು ಗೇಲಿ ಮಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಬರಿಗೈಯಲ್ಲಿ ಹೊರಡಲು ಮನಸ್ಸಾಗದೆ ಜಿನರಾಜಣ್ಣ ಮಾಡಿದ ಒಂದು ಅಲ್ಯೂಮಿನಿಯಂ ಮುಚ್ಚಳ ಕೊಂಡೆ, ಊಟದ ಬಟ್ಟಲು ಮುಚ್ಚುವಷ್ಟು ಅಗಲದ್ದು.

ಸಿದ್ದಕಟ್ಟೆಯ ದಾರಿಯಲ್ಲಿ ಹಿಂದೆ ಬರುವಾಗ ಗಂಟೆ ಒಂದು ಕಳೆದಿತ್ತು. ಬಿ.ಸಿ.ರೋಡಿನ ಆ ಒಂದೇ ಟ್ಯಾಂಕನ್ನು ಯಾರಾದರೂ ಕೊಂಡುಹೋಗಿದ್ದರೆ? ನನ್ನ ಹಟಕ್ಕೆ ಈ ಮಳೆಗಾಲವೂ ಕಡವು ಮುಚ್ಚುತ್ತದಲ್ಲ! ಮುಚ್ಚಳವನ್ನು ಮಡಿಲಲ್ಲಿ ಗಟ್ಟಿ ಹಿಡಿದು ಗೊತ್ತಿದ್ದ ದೇವರು, ದೈವ ಎಲ್ಲರನ್ನೂ ನೆನೆಸಿದೆ. ದೀಕ್ಷಾ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಈ ಹುಡುಗಿಗೆ ನಿದ್ದೆ ಹೇಗೆ ಬರ್ತದೆ ಎಂದು ಆಶ್ಚರ್ಯವಾಯಿತು.

ಬಿ.ಸಿ.ರೋಡಿನಲ್ಲಿ ಅಂಗಡಿಯವರು ನನ್ನನ್ನು ಕಂಡದ್ದೇ ನಗಾಡಿದರು. ಟ್ಯಾಂಕು ಮೇಜಿನ ಕೆಳಗೆ ಇತ್ತು, ಮೇಲೆ ದೀಕ್ಷಾಳ ಹೆಸರಿನ ಚೀಟಿ. "ನಿಮ್ಮ ಪುಳ್ಳಿ ಬೆಳಿಗ್ಗೆಯೇ ಹೇಳಿ ಹೋಗಿದ್ದಾಳೆ, ಯಾರಿಗೂ ಕೊಡಬೇಡಿ ಅಂತ."

"ಹಾಗಾದರೆ ಇಡೀ ದಿನ ನನ್ನನ್ನು ಯಾಕೆ ಸುತ್ತಿಸಿದೆ?" ಎಂದೆ.

"ನೀವೇ ನೋಡಿ ಒಪ್ಪದಿದ್ದರೆ ನೀವು ದೋಣಿ ಹತ್ತುವುದಿಲ್ಲ ಅಂತ ಗೊತ್ತುಂಟು" ಎಂದಳು. "ನೀವು ಹತ್ತದ ದೋಣಿಗೆ ಊರಿನವರು ಹತ್ತುತ್ತಾರಾ?"

ನಾನು ಅಂಗಡಿಯ ಮುಂದೆಯೇ ಅವಳ ಕೆನ್ನೆ ಹಿಂಡಿದೆ.

ಮೂರು ಗಂಟೆಗೆ ಮನೆ. ಮಗ ಬೆಲ್ಟು ಬಿಗಿದ, ದೀಕ್ಷಾ ಪೈಪು ಜೋಡಿಸಿದಳು, ಅವಳ ಅಜ್ಜ ದಡದಲ್ಲಿ ಕೂತು ಇಬ್ಬರನ್ನೂ ಬೈದರು. ಇಂಜಿನಿಯರು ಬಂದು ಟ್ಯಾಂಕು ಅಲುಗಿಸಿ ನೋಡಿದರು, ಮೂಗು ಹತ್ತಿರ ಹಿಡಿದು ನೋಡಿದರು, ದೋಣಿಯಲ್ಲೇ ಆಚೆ ದಡಕ್ಕೆ ಹೋಗಿ ಬಂದರು. ಹತ್ತಿದವರಲ್ಲಿ ನಾನೇ ಮೊದಲು!

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂತೆವು. ಸೊಸೆ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಬಡಿಸಿದ್ದಳಷ್ಟೇ, ಆಚೆ ದಡದಿಂದ "ಓಯ್, ದೋಣೀ!" ಎಂದು ಕೂಗು ಕೇಳಿತು. ನಮ್ಮ ಮನೆಯವರು ಅಭ್ಯಾಸಬಲದಿಂದ ಅರ್ಧ ಎದ್ದೇಬಿಟ್ಟರು. ನಲವತ್ತು ವರ್ಷ ಅವರು ಹೀಗೆಯೇ ಎದ್ದು ಹೋದದ್ದು, ನಾನು ಬಟ್ಟಲು ಮುಚ್ಚಿಟ್ಟು ಕಾದದ್ದು, ಅವರು ಬಂದು ತಣ್ಣಗಿನ ಅನ್ನ ಉಂಡದ್ದು.

"ಅಜ್ಜ, ನೀವು ಕೂತುಕೊಳ್ಳಿ" ಎಂದು ದೀಕ್ಷಾ ಓಡಿದಳು. ಅವಳ ಬಟ್ಟಲಿಗೆ ನಾನು ಮೂಡುಬಿದಿರೆಯ ಮುಚ್ಚಳ ಮುಚ್ಚಿದೆ. ಯಾರೂ ತುತ್ತು ಎತ್ತಲಿಲ್ಲ. ಇಂಜಿನ್ನಿನ ಸದ್ದು ಹೋಯಿತು, ನಿಂತಿತು, ತಿರುಗಿ ಬಂತು. ಅವಳು ಕೈ ತೊಳೆದು ಕೂತು ಮುಚ್ಚಳ ತೆಗೆದಳು. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು.

"ಬಿಸಿ ಉಂಟಲ್ಲ!" ಎಂದರು ನಮ್ಮ ಮನೆಯವರು. ಮತ್ತೆ ಎಲ್ಲರೂ ಒಟ್ಟಿಗೇ ಉಂಡೆವು.