ಕೂದಲಲ್ಲ, ಬಾರ್ಲಿ ಕಾಳು

೧೯೮೬ನೇ ಇಸವಿ ನವೆಂಬರ್ ೧೪, ಶುಕ್ರವಾರ, ಬೆಳಗಿನ ಐದೂಮುಕ್ಕಾಲು ಗಂಟೆ. ಸೌದಿ ಅರೇಬಿಯದ ಅಭಾ ಪಟ್ಟಣದ ಹೊರಗಿನ ಗುಡ್ಡದಲ್ಲಿ, ಆಡಿನ ದೊಡ್ಡಿಯ ಕಲ್ಲುಗೋಡೆಯ ಪಕ್ಕದಲ್ಲಿ ಮೊಯಿದಿನಬ್ಬ ಮಂಡಿಯೂರಿ ಕುಳಿತಿದ್ದಾರೆ. ಎದುರಿಗೆ ಮರಳು ತುಂಬಿದ ಎರಡು ಚೀಲ, ಅದರ ಮೇಲೆ ಉದ್ದನೆಯ ಕೇಪಿನ ಕೋವಿ. ಐವತ್ತು ಮೀಟರ್ ಆಚೆ, ಮಣ್ಣಿನ ದಿಬ್ಬಕ್ಕೆ ಒರಗಿಸಿದ ಹಲಗೆಗೆ ಹಾಲಿನ ಪುಡಿ ಡಬ್ಬಿಯ ಮುಚ್ಚಳವೊಂದನ್ನು ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಬೆಳಕಿನ್ನೂ ಬೂದಿ ಬಣ್ಣದ್ದು.

"ಬಿಸಿಲಿಗೆ ಕಾಯ್ಲಿಕ್ಕಿಲ್ಲ," ಎನ್ನುತ್ತಾರೆ ಅವರು, ನೋಡಲು ಬಂದ ನಮಗೆ. "ತೋಳ ಬರುವುದು ಇದೇ ಹೊತ್ತಿಗೆ. ಬಿಸಿಲು ಬಿದ್ದ ಮೇಲೆ ಯಾರಿಗೆ ಬೇಕಾದರೂ ಕಾಣ್ತದೆ."

ಕೋವಿ ಎಪ್ಪತ್ತು ದಾಟಿದ ಮುಸ್ಫಿರ್ ಅವರದು, ಅವರ ತಂದೆಯಿಂದ ಬಂದದ್ದು. ಮದ್ದನ್ನೂ ಸೀಸದ ಗುಂಡನ್ನೂ ನಳಿಗೆಯ ಬಾಯಿಂದ ತುಂಬಿ, ಸರಳಿನಿಂದ ಒತ್ತಿ, ಹಿಂದೆ ಕೇಪು ಇಟ್ಟು ಹೊಡೆಯುವ ಬೇಟೆ ಕೋವಿ. ಕೋವಿಗೆ ಏನೂ ಆಗಿಲ್ಲ. ಆಗಿರುವುದು ಮುಸ್ಫಿರ್ ಅವರ ಕಣ್ಣಿಗೆ. ಗುರಿ ಹಿಡಿಯುವ ಹಿಂದಿನ ಕಚ್ಚು, ಮುಂದಿನ ಮೊನೆ ಎರಡೂ ಈಗ ಮಂಜು. ಈ ವರ್ಷ ನಾಲ್ಕು ಆಡು ತೋಳದ ಪಾಲಾಗಿವೆ.

ಮೊಯಿದಿನಬ್ಬ ದುಡಿಯುವ ವರ್ಕ್‌ಶಾಪಿನ ಮಾಲಿಕ, ಅಂದರೆ ವೀಸಾ ಕೊಟ್ಟು ಅವರನ್ನು ಕರೆಸಿಕೊಂಡ ಕಫೀಲ್, ಸಈದ್. ಮುಸ್ಫಿರ್ ಅವರ ಅಣ್ಣನ ಮಗ. ಚಿಕ್ಕಪ್ಪನ ಕಷ್ಟ ನೋಡಲಾರದೆ ಆತ ಜಿದ್ದಾದಿಂದ ದುರ್ಬೀನು ತಂದಿದ್ದಾನೆ. ಅದನ್ನು ಕೂರಿಸಲು ನಳಿಗೆಗೆ ನಾಲ್ಕು ತೂತು ಹೊಡೆಯಬೇಕು. ಅಪ್ಪನ ಕೋವಿಗೆ ತೂತು ಬಿದ್ದರೆ ಅದನ್ನು ಮತ್ತೆ ಕೈಯಲ್ಲಿ ಹಿಡಿಯುವುದಿಲ್ಲ ಎಂದು ಮುಸ್ಫಿರ್ ಹಟ ಹಿಡಿದಿದ್ದಾರೆ. ಕೊನೆಗೆ ಒಂದು ಒಪ್ಪಂದವಾಗಿದೆ. ಮೊಯಿದಿನಬ್ಬ ಮಾಡಿಕೊಟ್ಟ ಹೊಸ ಕಚ್ಚು, ಮೊನೆಯಿಂದ ಗುರಿಯಿಟ್ಟು ಮುಸ್ಫಿರ್ ಇಂದು ಮೂರು ಗುಂಡು ಹೊಡೆಯಬೇಕು. ಮೂರೂ ಮುಚ್ಚಳಕ್ಕೆ ಬಿದ್ದರೆ ದುರ್ಬೀನು ವಾಪಸ್ಸು. ಒಂದು ತಪ್ಪಿದರೂ ನಾಳೆ ಬೆಳಿಗ್ಗೆ ಡ್ರಿಲ್ಲು.

"ತೂತು ಹೊಡೆಯುವುದು ಸಈದ್ ಅಲ್ಲ ಮಾರಾಯ್ರೆ, ನಾನೇ," ಎನ್ನುತ್ತಾರೆ ಮೊಯಿದಿನಬ್ಬ. "ಮದ್ದು ಸಿಡಿಯುವ ಜಾಗದ ಹತ್ತಿರ, ಅಷ್ಟು ಹಳೇ ಕಬ್ಬಿಣಕ್ಕೆ. ಕಫೀಲ್ ಹೇಳಿದ್ರೆ ಆಗುದಿಲ್ಲ ಅನ್ಲಿಕ್ಕುಂಟಾ? ಅದಕ್ಕೇ ಇದು ತಾಗ್ಲೇಬೇಕು."

ಮೊಯಿದಿನಬ್ಬ ವಿಟ್ಲದವರು. ವಯಸ್ಸು ನಲವತ್ತೇಳು. ಪುತ್ತೂರಿನ ಲೇತ್ ಅಂಗಡಿಯಲ್ಲಿ ಕೆಲಸ ಕಲಿತರು. ತೋಟಕ್ಕೆ ನುಗ್ಗುವ ಹಂದಿಗೆಂದು ರೈತರು ಇಟ್ಟುಕೊಂಡ ಕೇಪಿನ ಕೋವಿಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಅಭಾಕ್ಕೆ ಬಂದು ಏಳು ವರ್ಷ. ದಿನಕ್ಕೆ ನಾಲ್ಕೈದು ನೀರಿನ ಪಂಪು ಬಿಚ್ಚಿ ಕಟ್ಟುತ್ತಾರೆ. ಸಈದ್ ಬಳಿ ಪರವಾನಗಿ ಇರುವುದರಿಂದ ವರ್ಷಕ್ಕೆ ಏಳೆಂಟು ಹಳೆಯ ಕೋವಿಗಳೂ ಅವರ ಮೇಜಿಗೆ ಬರುತ್ತವೆ. ಶುಕ್ರವಾರ ಕೋಣೆಯ ಉಳಿದವರು ಬಟ್ಟೆ ಒಗೆದು ಮೀನು ಸಾರು ಮಾಡುವ ಹೊತ್ತಿಗೆ ಇವರು ಹೀಗೆ ಗುಡ್ಡದಲ್ಲಿರುತ್ತಾರೆ.

ವರ್ಕ್‌ಶಾಪಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು 'ಹಲ್ಲಾಕ್', ಅಂದರೆ ಕ್ಷೌರಿಕ. ಈ ಹೆಸರು ಬಂದದ್ದು ಇದೇ ಕೋವಿಯಿಂದ. ಗುರಿಯ ಮುಂದಿನ ಮೊನೆಗೆ ಅರಬಿಯಲ್ಲಿ 'ಶಈರಾ' ಎನ್ನುತ್ತಾರೆ, ಬಾರ್ಲಿ ಕಾಳು. ಆಕಾರ ಹಾಗಿರುವುದರಿಂದ ಆ ಹೆಸರು. ಮಾರ್ಚ್‌ನಲ್ಲಿ ಮುಸ್ಫಿರ್ ಬಂದು ಹೊಸ ಶಈರಾ ಬೇಕೆಂದಾಗ ಮೊಯಿದಿನಬ್ಬರಿಗೆ ಕೇಳಿಸಿದ್ದು 'ಶಅರಾ'. ಅಂದರೆ ಕೂದಲು.

"ಉಮ್ರಾ ಯಾತ್ರೆ ಮಾಡಿ ತಲೆ ಬೋಳಿಸಿದವನಿಗೆ ಕೂದಲಿನ ಅರಬಿ ಬರ್ತದೆ, ಮಕ್ಕದ ಕ್ಷೌರದಂಗಡಿಯಲ್ಲಿ ಅದೇ ಮಾತು. ಬಾರ್ಲಿದು ಎಲ್ಲಿಂದ ಬರ್ಬೇಕು? ನಮ್ಮಲ್ಲಿ ಬಾರ್ಲಿ ಅಂದ್ರೆ ಉರಿಮೂತ್ರಕ್ಕೆ ಕುಡಿಯುವ ನೀರು, ಅಷ್ಟೇ. ಕೂದಲಿನಷ್ಟು ಸಪೂರ ಬೇಕು ಅಂತ ತಿಳ್ಕೊಂಡು ಒಂದು ವಾರ ಕೂತು ಉಕ್ಕಿನ ತಂತಿ ಅರೆದೆ. ಅಷ್ಟು ಚಂದದ ಕೆಲಸ ಮೊದಲು ಮಾಡಿದ್ದಿಲ್ಲ."

ಮುಸ್ಫಿರ್ ಕೋವಿಯನ್ನು ಕೆನ್ನೆಗೆ ಒತ್ತಿ ಬಹಳ ಹೊತ್ತು ನೋಡಿದರಂತೆ. ಆಮೇಲೆ ಕೇಳಿದರಂತೆ: "ಎಲ್ಲಿ ಇಟ್ಟಿದ್ದೀ?"

ಈ ಕತೆಯನ್ನು ಮೊಯಿದಿನಬ್ಬ ಕ್ಯಾಸೆಟ್‌ನಲ್ಲಿ ಹೇಳಿ, ಊರಿಗೆ ಹೊರಟವರ ಕೈಯಲ್ಲಿ ಹೆಂಡತಿ ಆಮಿನತ್‌ಗೆ ಕಳಿಸಿದರು. ಉತ್ತರವಾಗಿ ಬಂದ ಕ್ಯಾಸೆಟ್‌ನಲ್ಲಿ ಮೊದಲು ನಗು. ನಂತರ ಮಾತು: "ತಲೆಯಲ್ಲಿ ಕೂದಲು ಇಲ್ಲದವರಿಗೆ ಅದರದ್ದೇ ಯೋಚನೆ."

ಮುಂದಿನ ಮೊನೆ ಬೇಗ ಸರಿಯಾಯಿತು. ಮುಸ್ಫಿರ್ ಅವರ ಹೊಲದಿಂದಲೇ ಒಂದು ಬಾರ್ಲಿ ಕಾಳು ತಂದು, ಅದೇ ದಪ್ಪಕ್ಕೆ ಹಿತ್ತಾಳೆ ಅರೆದು ನಳಿಗೆಯ ತುದಿಯ ಹಳೆಯ ಸೀಳಿನಲ್ಲಿ ಕೂರಿಸಿದರು. ಕಷ್ಟ ಕೊಟ್ಟದ್ದು ಹಿಂದಿನ ಕಚ್ಚು. ವಯಸ್ಸಾದ ಕಣ್ಣು ಹತ್ತಿರದ ಕಚ್ಚು, ಒಂದು ಗಜ ದೂರದ ಮೊನೆ, ಅದರಾಚೆಯ ಗುರಿ ಇವನ್ನು ಒಟ್ಟಿಗೆ ಹಿಡಿಯಲಾರದು. ಉಪಾಯ ಹೊಳೆದದ್ದು ಅವರದೇ ಅಭ್ಯಾಸದಿಂದ. ಅಳತೆಯ ವರ್ನಿಯರ್‌ನ ಗೀಟು ಕಾಣದಿದ್ದಾಗ ಮೊಯಿದಿನಬ್ಬ ಮುಷ್ಟಿ ಸುತ್ತಿ, ಬೆರಳುಗಳ ನಡುವಿನ ಸಣ್ಣ ಸಂದಿಯಿಂದ ನೋಡುತ್ತಾರೆ. ಸಣ್ಣ ಕಂಡಿ ಅಡ್ಡಾದಿಡ್ಡಿ ಬರುವ ಬೆಳಕನ್ನು ತಡೆಯುತ್ತದೆ, ಮಸುಕು ಕಡಿಮೆಯಾಗುತ್ತದೆ. ಹಾಗಾಗಿ ಕಚ್ಚಿನ ಬದಲು ತೂತಿರುವ ಒಂದು ಬಿಲ್ಲೆ. ನಳಿಗೆಯ ಬಾಲವನ್ನು ಕೋವಿಯ ಮರದ ಹಿಡಿಗೆ ಕಟ್ಟಿದ ಹಳೆಯ ತಿರುಪಿನ ಜಾಗದಲ್ಲೇ ಅದು ನಿಲ್ಲುತ್ತದೆ. ನಳಿಗೆಗೆ ಹೊಸ ತೂತು ಬೇಡ.

ಉಳಿದ ಪ್ರಶ್ನೆ ಬಿಲ್ಲೆಯ ತೂತು ಎಷ್ಟಿರಬೇಕು ಎಂಬುದು. ಸಣ್ಣದಾದಷ್ಟೂ ನೋಟ ಚೂಪು, ಆದರೆ ಕತ್ತಲು. ಮೊಯಿದಿನಬ್ಬ ಮೂರು ಬಿಲ್ಲೆ ತಂದಿದ್ದಾರೆ. ಮೊದಲನೆಯದರಲ್ಲಿ ಮುಸ್ಫಿರ್‌ಗೆ ಕಾಣುವುದು ಕಪ್ಪು. ಎರಡನೆಯದರಲ್ಲಿ ಮುಚ್ಚಳ ಕಾಣುತ್ತದೆ, ಕಾಳು ಕಾಣುವುದಿಲ್ಲ. ಎರಡೂವರೆ ಮಿಲಿಮೀಟರಿನ ಮೂರನೆಯದನ್ನು ತಿರುಗಿಸಿ ಕೂರಿಸಿದಾಗ ಮುದುಕ ಕೆನ್ನೆಯನ್ನು ಕೋವಿಗೆ ಇನ್ನಷ್ಟು ಒತ್ತುತ್ತಾರೆ.

"ಹಲ್ಲಾಕ್, ನನ್ನ ಬಾರ್ಲಿ ಮೊಳೆತಿದೆ," ಎನ್ನುತ್ತಾರೆ.

ಮೊದಲ ಗುಂಡು ಪರೀಕ್ಷೆಗೆ. ಹೊಗೆ ಸರಿದಾಗ ಪೆಟ್ಟು ಮುಚ್ಚಳಕ್ಕಿಂತ ಕೆಳಗೆ, ನೇರಕ್ಕೆ ಬಿದ್ದಿದೆ. ಗೋಡೆಗೆ ಒರಗಿದ ಸಈದ್ ದುರ್ಬೀನಿನ ಪೆಟ್ಟಿಗೆಯನ್ನು ಬೆರಳಲ್ಲಿ ತಟ್ಟುತ್ತಾನೆ. ಮೊಯಿದಿನಬ್ಬ ಅತ್ತ ನೋಡುವುದಿಲ್ಲ. ಬಿಲ್ಲೆಯ ಕಾಂಡಕ್ಕೆ ಮರೆ, ಅಂದರೆ ತಿರುಪಿನ ಸುತ್ತು, ಕೊರೆದಿದ್ದಾರೆ, ಒಂದು ಸುತ್ತಿಗೆ ಒಂದು ಮಿಲಿಮೀಟರ್ ಏರುತ್ತದೆ. ಎರಡು ಸುತ್ತು ಏರಿಸಿ ನಟ್ಟು ಬಿಗಿಯುತ್ತಾರೆ. ನಳಿಗೆಯ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಇನ್ನು ಲೆಕ್ಕದ ಗುಂಡುಗಳು.

ಒಂದು ಮುಚ್ಚಳಕ್ಕೆ. ಎರಡನೆಯದೂ ಮುಚ್ಚಳಕ್ಕೆ. ಪ್ರತಿ ಗುಂಡಿನ ನಡುವೆ ಅದೇ ಒರೆಸುವಿಕೆ, ಅದೇ ಅಳತೆಯ ಮದ್ದು. ಸಈದ್ "ಯಲ್ಲಾ, ಯಲ್ಲಾ," ಎಂದು ಅವಸರಿಸುತ್ತಾನೆ. ಮೊಯಿದಿನಬ್ಬ ಅವಸರಿಸುವುದಿಲ್ಲ. ಮೂರನೆಯ ಸಲ ಕೇಪು ಇಟ್ಟು ಹಿಂದೆ ಸರಿದು, ಎರಡೂ ಕೈಯನ್ನು ಕಂಕುಳಲ್ಲಿ ಅವಿಸಿಕೊಳ್ಳುತ್ತಾರೆ. ಕೋವಿ ಗುಡುಗುತ್ತದೆ. ಹೊಗೆ ಅಲ್ಲೇ ನಿಲ್ಲುತ್ತದೆ, ಗಾಳಿಯಿಲ್ಲ. ನಡೆದು ಹೋಗಿ ನೋಡಬೇಕು.

ಮೊದಲು ತಲುಪಿದ ಸಈದ್ ಮುಚ್ಚಳ ಕಿತ್ತು ಬೆಳಕಿಗೆ ಹಿಡಿಯುತ್ತಾನೆ. ತೂತು ಎಣಿಸಿ ಅದನ್ನು ಮೊಯಿದಿನಬ್ಬರ ಕೈಗೆ ಕೊಡುತ್ತಾನೆ.

"ನಾಳೆ ಡ್ರಿಲ್ಲಿಗೆ ಕೆಲಸವಿಲ್ಲ. ಪಂಪುಗಳು ಕಾಯ್ತಾ ಇವೆ."

"ನಿಮಗೆ ಇನ್ನೆಂತ ಬೇಕು?" ಎಂಬ ನಮ್ಮ ಪ್ರಶ್ನೆಗೆ ಮೊಯಿದಿನಬ್ಬ ಹೇಳುತ್ತಾರೆ: "ಇನ್ನಾದರೂ ಹಲ್ಲಾಕ್ ಅಂತ ಕರೆಯುವುದು ಬಿಟ್ಟರೆ ಸಾಕು."

"ಹಲ್ಲಾಕ್, ಚಹಾ ಆರ್ತದೆ," ಎಂದು ದೊಡ್ಡಿಯ ಹತ್ತಿರದಿಂದ ಮುಸ್ಫಿರ್ ಕೂಗುತ್ತಾರೆ.

ಮೊಯಿದಿನಬ್ಬ ಹೋಗುವುದಿಲ್ಲ. ಮುಚ್ಚಳವನ್ನು ಕಲ್ಲಿನ ಮೇಲಿಟ್ಟು, ಗುಂಡು ಎಷ್ಟು ಚದುರಿದೆ ಎಂದು ತಿಳಿಯಲು ಒಂದಕ್ಕೊಂದು ಅತಿ ದೂರದ ಎರಡು ತೂತುಗಳಿಗೆ ವರ್ನಿಯರ್ ಹಚ್ಚಿ, ಮುಷ್ಟಿ ಸುತ್ತಿ ಬೆರಳ ಸಂದಿಯಿಂದ ಗೀಟು ಓದುತ್ತಾರೆ. ತೊಂಬತ್ತೆರಡು ಮಿಲಿಮೀಟರ್.